ದವಡೆಹಲ್ಲಿಗೆ ಕೇಳಿದ ತಾರೀಖು

ಹಲ್ಲುನೋವು ಬಂದ ಗಂಡಸಿಗೆ ಬರೀ ಹಲ್ಲುನೋವು ಇರುವುದಿಲ್ಲ, ಜೊತೆಗೆ ಹೆಂಡತಿಯೂ ಇರುತ್ತಾಳೆ. ರಾಯಚೂರಿನ ಅದಾಲತ್ತಿನಲ್ಲಿ ವಕೀಲನಾಗಿ ಎಂಥೆಂಥವರ ಬಾಯಿ ಮುಚ್ಚಿಸಿದ ನನಗೆ, ಮನೆಯಲ್ಲಿ ಅನಸೂಯಾಬಾಯಿಯ ಬಾಯಿ ಮುಚ್ಚಿಸುವುದು ಇಂದಿಗೂ ಸಾಧ್ಯವಾಗಿಲ್ಲ. (ಅವಳು ಇದನ್ನು ಓದಲಾರಳೆಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.)

ಎಡಗಡೆಯ ಕೆಳಗಿನ ದವಡೆಹಲ್ಲು ಮೊದಲು ತಣ್ಣೀರಿಗೆ ಜುಮ್ಮೆಂದಿತು.

"ಜಹೀರುದ್ದೀನ್ ಡಾಕ್ಟರಿಗೆ ತೋರಸ್ರಿ. ತೂತು ಸಣ್ಣದಿದ್ದಾಗ ತುಂಬಿ ಮುಚ್ಚತಾರಂತ" ಎಂದಳು.

ನಾನು ತಣ್ಣೀರು ಬಿಟ್ಟೆ. ರಾಯಚೂರಿನ ಬೇಸಗೆಯಲ್ಲಿ ಬಿಸಿನೀರು ಕುಡಿದೆ. ಆಮೇಲೆ ಜೋಳದ ರೊಟ್ಟಿ ಅಗಿದರೆ ಪ್ರಾಣ ಹೋಗತೊಡಗಿತು. ಬಲಗಡೆ ಅಗಿಯಲು ಕಲಿತೆ. ಅವಳು ಒದರಿದಾಗಲೆಲ್ಲ ಒಂದೊಂದು ತಾರೀಖು ಕೇಳಿದೆ: ಅದಾಲತ್ತಿನ ಈ ಪೇಶಿ, ಅಂದರೆ ವಿಚಾರಣೆ, ಮುಗಿಯಲಿ, ಅಮಾವಾಸ್ಯೆ ಕಳೆಯಲಿ. ತಾರೀಖು ಕೇಳುವುದು ನನ್ನ ಕಸುಬು. ಮುಂದೂಡಿದರೆ ತಾನಾಗಿ ತೀರದ ದಾವೆ ಜಗತ್ತಿನಲ್ಲಿ ಇಲ್ಲವೆಂದು ನಂಬಿದವನು ನಾನು.

ಕಡೆಯ ತಾರೀಖಿಗಂತೂ ಗಟ್ಟಿ ಕಾರಣವಿತ್ತು. ನಮ್ಮ ಇಬ್ಬರು ಹೆಣ್ಣುಮಕ್ಕಳಲ್ಲಿ ಹಿರಿಯಳಾದ ಪದ್ಮಾವತಿಯನ್ನು ಮಾನ್ವಿಯ ಶೇಷಾಚಾರ್ಯರು ಮಗನಿಗೆ ಒಪ್ಪಿದ್ದರು. ಮದುವೆ ಎಲ್ಲಿ, ಎಷ್ಟು ದಿನ ಎಂಬ ಮಾತುಕತೆ ಉಳಿದಿತ್ತು. ರಾಯಚೂರಿನಲ್ಲಿ, ಒಂದೇ ದಿನ ಎಂದು ನನ್ನ ಹಟ. ದೇವದುರ್ಗದ ತವರಿನಲ್ಲಿ, ಐದು ದಿನ, ತನ್ನ ಅಣ್ಣನ ಯಜಮಾನಿಕೆಯಲ್ಲಿ ಎಂದು ಅವಳ ಹಟ.

"ಹಲ್ಲು ಕೀಳಿಸಿಕೊಂಡು ಬಾಯಿ ಕಟ್ಟಿಕೊಂಡು ಕೂತ್ರ ಆಚಾರ್ಯರ ಜೋಡಿ ಮಾತಾಡೋರು ಯಾರು? ನೀನೇನು?"

"ಯಾಕ, ನನಗ ಬಾಯಿ ಇಲ್ಲೇನು?"

ಇಲ್ಲವೆಂದು ನಾನು ಎಂದೂ ವಾದಿಸಿಲ್ಲ.

ಏಕಾದಶಿಯ ಬೆಳಿಗ್ಗೆ ಎದ್ದಾಗ ಎಡಗಲ್ಲ ಹೂರಣದುಂಡೆಯಂತೆ ಉಬ್ಬಿತ್ತು. ಮೈ ಕಾದಿತ್ತು, ಬಾಯಿ ಒಂದು ಬೆರಳಿಗಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಇವತ್ತು ಉಪವಾಸ, ನಾಳೆ ಪಾರಣೆ ಆದಮೇಲೆ ನೋಡೋಣ ಎಂದು ಸನ್ನೆ ಮಾಡುವಷ್ಟರಲ್ಲಿ ಬಾಗಿಲಲ್ಲಿ ಶೇಷಾಚಾರ್ಯರು. ಬಹಳ ಸಂಕೋಚದ ಮನುಷ್ಯರು. ತಮಗಾಗಿ ಯಾರೂ ಒಲೆ ಹಚ್ಚಬಾರದೆಂದು ಪರಸ್ಥಳಕ್ಕೆ ಹೋಗುವುದನ್ನು ಏಕಾದಶಿಗೇ ಇಟ್ಟುಕೊಂಡವರು.

ಅವರು ಕೇಳಿದ್ದಕ್ಕೆಲ್ಲ ನಾನು "ಉಂ, ಉಂ" ಎಂದೆ. ಆಚಾರ್ಯರು ನನ್ನ ಗಲ್ಲವನ್ನು ನೋಡಿದರು, ಹುಬ್ಬು ಗಂಟಿಕ್ಕಿದರು, ಎದ್ದು ನಿಂತರು.

"ಏಕಾದಶಿ ದಿನ ತಾಂಬೂಲ ತುಂಬಿಕೊಂಡು ಕೂಡೋ ಮನಿಯಿಂದ ನಮಗ ಸೊಸಿ ಬ್ಯಾಡ್ರಿ."

ತಾಂಬೂಲವಲ್ಲವೆಂದು ತೋರಿಸಲು ಬಾಯಿ ತೆರೆಯಬೇಕು. ಹಾಳು ಬಾಯಿ ತೆರೆಯದು. ಒಳಗೆ ಪದ್ಮಾವತಿ ಬಿಕ್ಕಿದ್ದು ಕೇಳಿಸಿತು. ಆಗ ಅನಸೂಯಾಬಾಯಿ ಬಾಗಿಲ ಮರೆಯಿಂದ ಹೊರಗೇ ಬಂದಳು.

"ತಾಂಬೂಲ ಅಲ್ರೀ, ಹುಳುಕು ಹಲ್ಲು. ನಂಬಿಕಿ ಇಲ್ಲಂದ್ರ ನೀವೂ ದವಾಖಾನಿಗೆ ಬರ್ರಿ, ಕಣ್ಣಾರೆ ನೋಡ್ರಿ."

ಮೂವರೂ ಒಂದೇ ಟಾಂಗಾದಲ್ಲಿ ಹೋದೆವು. ಡಾಕ್ಟರು ಸೂಜಿ ಚುಚ್ಚಿ, ಹೇಗೋ ಬಾಯಿ ತೆರೆಸಿ, ಕೀವು ತೆಗೆದು, ಹಲ್ಲು ಕಿತ್ತು ಆಚಾರ್ಯರಿಗೇ ತೋರಿಸಿದರು.

"ತಣ್ಣೀರಿಗೆ ಜುಮ್ ಅಂದಾಗ ಬಂದಿದ್ರ ಹಲ್ಲು ಉಳಸ್ತಿದ್ದೆ, ವಕೀಲ್ ಸಾಬ್. ಗಲ್ಲ ಬಾತು ಜ್ವರ ಬಂದ್ರಂತೂ ತಡಾ ಮಾಡಲೇಬಾರದು. ಈ ಬಾವು ಕುತ್ತಿಗಿಗೆ ಇಳದಿದ್ರ ಜಾನ್ ಹೋಗ್ತಿತ್ತು." ಹತ್ತಿಯ ಉಂಡೆ ತುರುಕಿ ಮತ್ತೆ ಹೇಳಿದರು: "ಗಟ್ಟಿ ಕಚ್ಚಿ ಹಿಡೀರಿ. ಮಾತಾಡಬ್ಯಾಡ್ರಿ, ತಲಿ ಅಲ್ಲಾಡಿಸಬ್ಯಾಡ್ರಿ."

ಆಚಾರ್ಯರ ಕಣ್ಣು ತುಂಬಿತ್ತು. "ಇಂಥಾ ಸಂಕಟದಾಗೂ ಉಪವಾಸ ಬಿಟ್ಟಿಲ್ಲ. ತಪ್ಪಾತ್ರಿ ಬಾಯೇರ. ಮಾತು ಇಲ್ಲೇ ಮುಗಿಸೋಣ. ಮದುವಿ ಎಲ್ಲಿ?"

"ದೇವದುರ್ಗದಾಗ್ರಿ, ನಮ್ಮಣ್ಣನ ಮನ್ಯಾಗ. ಐದು ದಿವಸ."

"ರಾಯರ ಮನಸಿನಾಗೂ ಅದೇ ಅದ ಏನು?"

ನಾನು ಕುರ್ಚಿಯಿಂದ ಏಳಲು ಹೋದೆ. ಡಾಕ್ಟರು ಗದ್ದ ಹಿಡಿದು ಕೂರಿಸಿದರು.

"ಮೌನಂ ಸಮ್ಮತಿ ಲಕ್ಷಣಂ" ಎಂದರು ಆಚಾರ್ಯರು, ಪರಮ ಸಂತೋಷದಿಂದ.

ನಾನು ಹತ್ತಿ ಉಗುಳುವ ಹೊತ್ತಿಗೆ ಅವರು ಮಾನ್ವಿಯ ಮೋಟಾರು ಹತ್ತಿಯಾಗಿತ್ತು. ಸಿಟ್ಟಿನಿಂದ ಹೆಂಡತಿಯ ಕಡೆ ತಿರುಗಿದೆ. ಅವಳು ಸೆರಗಿನಿಂದ ನನ್ನ ಗದ್ದ ಒರೆಸಿದಳು.

"ಒಂದು ಹಲ್ಲಿನಾಗ ದೊಡ್ಡಾಕಿ ಮದುವಿ ಕೂಡಿಬಂತು. ಇನ್ನೊಂದು ಎಲ್ಯಾರ ನೋಯಲಿಕ್ಕತ್ತಿದ್ರ ಹೇಳ್ರಿ, ಸಣ್ಣಾಕಿದೂ ಮುಗಿಸಿಬಿಡೋಣ."