ಹೊಟ್ಟೆ ಹೇಳಿದ ಸಾಕ್ಷಿ

ಸ್ವಂತ ಹೊಟ್ಟೆಯೇ ಪೊಲೀಸರ ಮುಂದೆ ನನ್ನ ವಿರುದ್ಧ ಸಾಕ್ಷಿ ಹೇಳುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಇಷ್ಟು ವರ್ಷ ಹೊತ್ತು ತಿರುಗಿದ್ದೇನೆ, ಹೊತ್ತುಹೊತ್ತಿಗೆ ತುಂಬಿಸಿದ್ದೇನೆ. ಅದಕ್ಕಾದರೂ ನಿಯತ್ತು ಬೇಡವೇ?

ಆದದ್ದಿಷ್ಟು. ನನ್ನದು ಕನ್ನಡಕದ ಅಂಗಡಿ, ಭಾನುವಾರ ರಜೆ. ನನ್ನವಳು ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ನರ್ಸು. ಮೂಳೆ ಮುರಿಯುವುದಕ್ಕೆ ರಜೆಯಿಲ್ಲ. ಅವಳು ಡ್ಯೂಟಿಗೆ ಹೋದಮೇಲೆ ಮನೆಯಲ್ಲಿ ಉಳಿದದ್ದು ನಾನು, ಕಾರು ಮತ್ತು ಹದಿನಾಲ್ಕು ವರ್ಷದ ಮಗಳು. ತೀರ ತೆಳ್ಳಗಿರುವುದರಿಂದ ಅವಳನ್ನು ಕಡ್ಡಿ ಎನ್ನುತ್ತೇವೆ.

“ಅಪ್ಪಾ, ಒಂದೇ ಒಂದ್ಸಲ ಓಡಿಸ್ತೀನಿ. ಬೀದಿ ತುದಿವರೆಗೆ ಅಷ್ಟೇ.”

“ಅಮ್ಮನಿಗೆ ಗೊತ್ತಾದ್ರೆ?”

“ನೀನು ಅಮ್ಮನಿಗೆ ಹೆದರ್ತೀಯಾ?”

(ಈ ಪ್ರಶ್ನೆಗೆ ಸತ್ಯ ನುಡಿದ ಗಂಡ ಇನ್ನೂ ಹುಟ್ಟಿಲ್ಲ.) ಕೀಲಿ ಕೊಟ್ಟೆ.

ಕಾಲು ಎಟುಕಲಿಲ್ಲವೆಂದು ಕಡ್ಡಿ ಸೀಟನ್ನು ಸ್ಟಿಯರಿಂಗಿನ ಹತ್ತಿರಕ್ಕೆ ಎಳೆದುಕೊಂಡಳು. ಕಾರು ರಾಜಗಾಂಭೀರ್ಯದಿಂದ ಹೊರಟಿತು. “ಭೇಷ್!” ಎಂದೆ. ಅಷ್ಟರಲ್ಲಿ ತಿರುವು ಬಂತು. “ಬ್ರೇಕು! ಬ್ರೇಕು!” ಎಂದು ಕಿರುಚಿದೆ. ಗಾಬರಿಯಲ್ಲಿ ಅವಳು ತುಳಿದದ್ದು ಪಕ್ಕದ್ದನ್ನು. ಬೀದಿ ತುದಿಯ ನಿವೃತ್ತ ಮೇಷ್ಟ್ರ ಬೇಲಿ ಮುರಿದು ಕಾರು ಅಂಗಳದಲ್ಲಿ ನಿಂತಿತು. ಅದರಡಿ ಅವರು ದಿನಾ ಕೂರುವ ಕುರ್ಚಿ ಚೂರುಚೂರಾಗಿತ್ತು. ಪಕ್ಕದಲ್ಲಿ ಬಿಡಿಸಿದ ಪೇಪರು. ಮೇಷ್ಟ್ರಿಲ್ಲ.

ಆ ಅರ್ಧ ನಿಮಿಷದ ಬಗ್ಗೆ ನನ್ನಿಂದ ಹಾಸ್ಯ ಮಾಡಲಾಗದು. ಇಬ್ಬರೂ ಇಳಿದು, ನೆಲಕ್ಕೆ ಬಗ್ಗಿ ಕಾರಿನಡಿ ಹುಡುಕಿದೆವು.

ಆಮೇಲೆ ಬಾಗಿಲಲ್ಲಿ ಮೇಷ್ಟ್ರು ಕಾಣಿಸಿದರು. “ಕನ್ನಡಕ ತರೋಣ ಅಂತ ಒಳಗೆ ಹೋಗಿದ್ದೆ ಕಣಯ್ಯಾ...” ಎಂದವರು ಕುರ್ಚಿಯನ್ನು ನೋಡಿ ಹೊಸ್ತಿಲ ಮೇಲೇ ಕುಸಿದು ಕುಳಿತರು.

ಪೊಲೀಸಮ್ಮ ಬಂದಾಗ ನಾನು ಎದೆಯುಬ್ಬಿಸಿ ಮುಂದೆ ನಿಂತೆ. “ಓಡಿಸ್ತಿದ್ದದ್ದು ನಾನೇ ಮೇಡಂ.”

ಆಕೆ ಕಾರಿನೊಳಗೆ ಬಗ್ಗಿ ನೋಡಿದಳು. “ಹೌದಾ? ಎಲ್ಲಿ, ಕೂತು ತೋರಿಸಿ.”

ಕೂರಲು ಹೋದೆ. ಸೀಟಿಗೂ ಸ್ಟಿಯರಿಂಗಿಗೂ ನಡುವೆ ನನ್ನ ಹೊಟ್ಟೆ ಅರ್ಧ ಹೋಗಿ ಸಿಕ್ಕಿಕೊಂಡಿತು. ಮುಂದಕ್ಕಿಲ್ಲ, ಹಿಂದಕ್ಕಿಲ್ಲ. ಹಾರ್ನ್ ಮಾತ್ರ ಬೀದಿಗೆಲ್ಲ ಕೇಳುವಂತೆ ಅರಚತೊಡಗಿತು.

“ಓಡಿಸಿದ್ದು ನಾನು,” ಎಂದಳು ಕಡ್ಡಿ, ಮೆಲ್ಲಗೆ.

“ಗೊತ್ತಾಯ್ತು ಮಗೂ. ಮೊದಲು ನಿಮ್ಮಪ್ಪನ್ನ ಹೊರಗೆ ಎಳೆಯೋಣ, ಹಿಡ್ಕೋ.”

ಮಕ್ಕಳು ಕಾರು ಓಡಿಸಿದರೆ ಕಾನೂನು ಹಿಡಿಯುವುದು ಹೆತ್ತವರನ್ನು, ಜೊತೆಗೆ ಕಾರಿನ ಒಡೆಯರನ್ನು ಎಂದು ಆಕೆ ಅಲ್ಲೇ ಪಾಠ ಹೇಳಿದಳು. ನಾನು ಒಬ್ಬನೇ ಸಿಕ್ಕಿಬಿದ್ದೆನೆಂದುಕೊಂಡೆ. ಆದರೆ ಕಾರು ಇದ್ದದ್ದು ನನ್ನವಳ ಹೆಸರಿನಲ್ಲಿ! ಸಮನ್ಸು ಇಬ್ಬರಿಗೂ ಬಂತು. ಅಂದು ಸಂಜೆ ಡ್ಯೂಟಿ ಮುಗಿಸಿ ಬಂದು ಸುದ್ದಿ ಕೇಳಿದಾಗ ಅವಳು ಬೈಯಲಿಲ್ಲ. ಕಡ್ಡಿಯನ್ನು ಹತ್ತಿರ ಕರೆದು, ಕೈಕಾಲು, ಬೆನ್ನು, ಒಂದೊಂದೇ ಮೂಳೆಯನ್ನು ಮುಟ್ಟಿ ಮುಟ್ಟಿ ನೋಡಿದಳು. ಬೈದಿದ್ದರೇ ಚೆನ್ನಾಗಿತ್ತು.

ಕೋರ್ಟಿನಲ್ಲಿ ನ್ಯಾಯಾಧೀಶರು ಅವಳನ್ನು ಕೇಳಿದರು: “ಇವರು ಕೀಲಿ ಕೊಟ್ಟದ್ದು ನಿಮಗೆ ಗೊತ್ತಿತ್ತಾ?”

“ಇಲ್ಲ ಸ್ವಾಮಿ. ಗೊತ್ತಾಗಿದ್ರೆ ಇವರು ಇವತ್ತು ಇಲ್ಲಿ ನಿಂತಿರ್ತಿರಲಿಲ್ಲ. ನಮ್ಮ ವಾರ್ಡಲ್ಲಿ ಮಲಗಿರ್ತಿದ್ರು.”

ಕೋರ್ಟು ನಕ್ಕಿತು. ಅವಳು ಪಾರಾದಳು. ನನಗೆ ದಂಡ, ಒಂದು ವರ್ಷ ಲೈಸೆನ್ಸೂ ಇಲ್ಲ, ಕಾರೂ ಇಲ್ಲ. ಕಡ್ಡಿಗೆ ವಯಸ್ಸು ತುಂಬಿದರೂ ಬಹಳ ವರ್ಷ ಲೈಸೆನ್ಸು ಸಿಗದು.

ಮೂವರೂ ಬಸ್ಸಿನಲ್ಲಿ ಹಿಂತಿರುಗಿದೆವು. ಕಡ್ಡಿ ಕಿಟಕಿಯ ಕಡೆಯಿಂದ ತಿರುಗಿ ಕೇಳಿದಳು.

“ಅಪ್ಪಾ, ಮೇಷ್ಟ್ರು ಕುರ್ಚೀಲಿ ಇದ್ದಿದ್ರೂ ಓಡಿಸಿದ್ದು ನಾನೇ ಅಂತಿದ್ಯಾ?”

“ಅಂತಿದ್ದೆ.”

“ಜೈಲಿಗೆ ಹಾಕಿದ್ರೂ?”

“ಹಾಕಿದ್ರೂ.”

“ನಂಗೊತ್ತು. ಅದಕ್ಕೇ ನಿಜ ಹೇಳ್ಬಿಟ್ಟೆ.” ನನ್ನ ಭುಜಕ್ಕೆ ತಲೆಯಾನಿಸಿದಳು. ಪಕ್ಕದಲ್ಲಿ ನನ್ನವಳು ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ಗಂಡನ ತ್ಯಾಗಕ್ಕೆ ಕೊನೆಗೂ ಬೆಲೆ ಬಂತೆಂದು ಒಳಗೊಳಗೇ ಹಿಗ್ಗಿದೆ.

ಕಂಡಕ್ಟರ್ ಬಂದ.

“ಎರಡು ಫುಲ್ಲು, ಒಂದು ಹಾಫು,” ಎಂದಳು ನನ್ನವಳು.

ಅವನು ಕಡ್ಡಿಯನ್ನು ಅಳೆದು ನೋಡಿದ. “ಇಷ್ಟು ದೊಡ್ಡೋರಿಗೆ ಹಾಫ್ ಬರಲ್ಲಮ್ಮ.”

“ಹಾಫು ಅವಳಿಗಲ್ಲಪ್ಪ,” ಎಂದು ನನ್ನ ಕಡೆ ಕೈ ತೋರಿಸಿದಳು. “ಇವರಿಗೆ.”