ಕೆರಿಬಿಯನ್ ಕಡಲಿನಲ್ಲಿ ಕುರ್ಚಿ ಕಾವಲು

"ಈ ಸಲ ಚಳಿಗಾಲವೇ ನನ್ನನ್ನ ಹುಡುಕ್ಕೊಂಡು ಅಲೀಬೇಕು! ಬಾಗಿಲು ಬಡಿದು ಬಡಿದು, ಬ್ರೂನೋ ಪಾವ್ಲಕ್ ಊರಲ್ಲೇ ಇಲ್ಲ ಅಂತ ಗೊತ್ತಾಗಿ, ಮುಖ ಸಣ್ಣಗೆ ಮಾಡ್ಕೊಂಡು ವಾಪಸ್ ಹೋಗ್ಬೇಕು!"

ಷಿಕಾಗೋ ನಗರದ ದಕ್ಷಿಣ ಭಾಗದ ನಮ್ಮ ಓಣಿಯಲ್ಲಿ, ಮೊಣಕಾಲುದ್ದ ಹಿಮದ ನಡುವೆ ನಿಂತು, ಸಲಿಕೆಯನ್ನು ಭೀಮನ ಗದೆಯಂತೆ ಹೆಗಲಿಗೇರಿಸಿ ಬ್ರೂನೋ ಈ ಘೋಷಣೆ ಮಾಡಿದ. ಕೇಳಿಸಿಕೊಂಡವರು ಇಬ್ಬರೇ. ಎದುರುಮನೆಯ ಝಿಗ್ಗಿ, ಆಮೇಲೆ ಬ್ರೂನೋನ ಹೆಂಡತಿ ಲೊರೇನ್.

"ಎಲ್ಲಿಗೋ ಹೊರಟಿದ್ದು?" ಎಂದ ಝಿಗ್ಗಿ.

"ಕೆರಿಬಿಯನ್ ದ್ವೀಪಗಳಿಗೆ! ಹಡಗಲ್ಲಿ! ನೀನಿಲ್ಲಿ ಮೂಗಿಂದ ಸುರಿಯೋದು ಹೆಪ್ಪುಗಟ್ಟಿಸ್ಕೊಂಡು ಕೂತಿರು. ನಾನಲ್ಲಿ ಚಡ್ಡಿ ಹಾಕ್ಕೊಂಡು ಎಳನೀರು ಕುಡೀತಿರ್ತೀನಿ."

ನಿಜ ಹೇಳಬೇಕೆಂದರೆ ಈ ಯೋಚನೆ ಬ್ರೂನೋನದಲ್ಲ. ಲೊರೇನ್ ಕೇಳಿದ್ದು. ಜೀವಮಾನವೆಲ್ಲ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬಡಿಸಿದ ಹೆಂಗಸು, ತನಗೆಂದು ಏನನ್ನೂ ಕೇಳಿದವಳಲ್ಲ. ಈ ವರ್ಷ ಮಂಡಿ ಆಪರೇಷನ್ ಆಗಿ ಮಲಗಿದ್ದವಳು ಕಿಟಕಿಯಾಚೆಯ ಬಿಳಿಯನ್ನೇ ನೋಡುತ್ತ ಒಂದು ಮಾತು ಹೇಳಿದ್ದಳು.

"ಬ್ರೂನೋ, ನಂಗೆ ಒಂದೇ ಒಂದ್ಸಲ ಬೆಚ್ಚಗಿರೋ ಸಮುದ್ರಕ್ಕೆ ಇಳೀಬೇಕು. ಕತ್ತಿನವರೆಗೂ. ನಂಗೆ ಈಜು ಬರಲ್ಲ, ನೀರಂದ್ರೆ ಭಯ. ನೀನು ಕೈ ಹಿಡ್ಕೋಬೇಕು."

"ಇಷ್ಟೇನಾ? ಹಿಡ್ಕೊಂಡೆ ಅಂತ ತಿಳ್ಕೋ!" ಎಂದಿದ್ದ ಬ್ರೂನೋ. ಮಾತಿಗೇನು, ಅದಕ್ಕೆ ಮಂಡಿ ನೋವಿಲ್ಲ.

ನಮ್ಮ ಓಣಿಯ ಕಾನೂನಿನ ವಿಷಯ ಸ್ವಲ್ಪ ಹೇಳಬೇಕು. ದೊಡ್ಡ ರಸ್ತೆಯ ಹಿಮವನ್ನು ನಗರಸಭೆ ತಳ್ಳುತ್ತದೆ. ಓಣಿಯ ಹಿಮವನ್ನು ದೇವರು ಕರಗಿಸಬೇಕು, ಇಲ್ಲವೇ ನಾವು ಬಗೆಯಬೇಕು. ಬೆನ್ನು ಮುರಿದುಕೊಂಡು ಒಂದು ಕಾರು ನಿಲ್ಲುವಷ್ಟು ಜಾಗ ಬಗೆದವನಿಗೆ ಆ ಜಾಗ ವಸಂತದವರೆಗೂ ಸ್ವಂತ. ಕಾರು ತೆಗೆದುಕೊಂಡು ಹೋಗುವಾಗ ಅಲ್ಲೊಂದು ಅಡುಗೆಮನೆಯ ಕುರ್ಚಿ ಇಟ್ಟರಾಯಿತು, ದೇವರಾಣೆಗೂ ಯಾರೂ ಮುಟ್ಟುವಂತಿಲ್ಲ! ಪೊಲೀಸರು ಈ ಕಾನೂನನ್ನು ಒಪ್ಪುವುದಿಲ್ಲ, ಅದು ಬೇರೆ ಮಾತು. ಪೊಲೀಸರ ಮನೆ ಮುಂದೆಯೂ ಕುರ್ಚಿ ಇರುತ್ತದೆ. ಒಮ್ಮೆ ಯಾರೋ ಹೊಸಬ ಬ್ರೂನೋನ ಕುರ್ಚಿ ಎತ್ತಿಟ್ಟು ತನ್ನ ಕಾರು ನಿಲ್ಲಿಸಿದ. ಬ್ರೂನೋ ಬಕೆಟ್ಟುಗಟ್ಟಲೆ ನೀರು ತಂದು ಆ ಕಾರಿಗೆ ಅಭಿಷೇಕ ಮಾಡಿದ. ಬೆಳಗಾಗುವ ಹೊತ್ತಿಗೆ ಕಾರು ಗಾಜಿನ ಪೆಟ್ಟಿಗೆಯೊಳಗಿನ ಮಿಠಾಯಿ ಆಗಿತ್ತು!

ಪಾವ್ಲಕ್ ದಂಪತಿಗಳ ಅಡುಗೆಮನೆಯಲ್ಲಿದ್ದದ್ದು ಎರಡೇ ಕುರ್ಚಿ. ಬ್ರೂನೋನದಕ್ಕೆ ಕೈಗಳಿದ್ದವು, ಮೆತ್ತೆಯಿತ್ತು, ಹಿಮಕ್ಕೆ ಹಾಳಾಗುತ್ತದೆ. ಆದ್ದರಿಂದ ಪ್ರತಿ ಚಳಿಗಾಲ ಬೀದಿಗೆ ಹೋಗುತ್ತಿದ್ದದ್ದು ಲೊರೇನ್‌ಳ ಕುರ್ಚಿ. ಅವಳು ಸ್ಟೂಲಿನ ಮೇಲೆ ಕೂತು ಕೋಸಿನ ಸಾರು ಕುಡಿಯುತ್ತಿದ್ದಳು, ಬೆನ್ನಿಗೆ ಆನಿಕೆಯಿಲ್ಲದೆ. ಈ ಸಲವೂ ಕಾರನ್ನು ವಿಮಾನ ನಿಲ್ದಾಣಕ್ಕೆ ಒಯ್ಯುವ ಮುಂಚೆ ಬ್ರೂನೋ ಅವಳ ಕುರ್ಚಿಯನ್ನೇ ಜಾಗದಲ್ಲಿ ಪ್ರತಿಷ್ಠಾಪಿಸಿದ.

"ಊರು ಬಿಟ್ಟು ಹೋಗ್ವಾಗ್ಲೂ ಬೇಕಾ ಇದು?" ಎಂದಳು ಲೊರೇನ್.

"ಬೆವರು ಸುರಿಸಿ ಮಾಡಿದ ಜಾಗ ಕಣೇ! ಬಿಟ್ಟು ಬರೋಕಾಗುತ್ತಾ?"

ಫ್ಲಾರಿಡಾದಲ್ಲಿ ಹಡಗು ಹತ್ತಿದ್ದಾಯಿತು. ಹಡಗೇನು, ಅದೊಂದು ತೇಲುವ ಊರು. ಮೇಲ್ಗಡೆ ಈಜುಕೊಳ, ಸುತ್ತ ಸಾಲುಸಾಲು ಒರಗುಕುರ್ಚಿಗಳು. ಮೊದಲ ದಿನ ತಿಂಡಿ ಮುಗಿಸಿ ಹೋಗಿ ನೋಡಿದರೆ ಒಂದೂ ಖಾಲಿಯಿಲ್ಲ! ಆದರೆ ಮನುಷ್ಯರೂ ಇಲ್ಲ. ಎಲ್ಲ ಕುರ್ಚಿಗಳ ಮೇಲೂ ಹಡಗಿನವರು ಕೊಟ್ಟ ನೀಲಿ ಟವೆಲ್ಲು!

ಬೇರೆ ಯಾರಾದರೂ ಆಗಿದ್ದರೆ ಸಿಟ್ಟಾಗುತ್ತಿದ್ದರು. ಬ್ರೂನೋನ ಕಣ್ಣಲ್ಲಿ ಆನಂದಬಾಷ್ಪ ಬಂತು. ಇದು ತನ್ನ ಓಣಿ! ಇದು ತನ್ನ ಕಾನೂನು!

ಮರುದಿನ ಕೋಳಿ ಕೂಗುವ ಹೊತ್ತಿಗೆ (ಹಡಗಿನಲ್ಲಿ ಕೋಳಿಗಳೆಲ್ಲ ಬೆಂದೇ ಇದ್ದವು, ಆ ಮಾತು ಬಿಡಿ) ಬ್ರೂನೋ ಎದ್ದು ಓಡಿದ. ಕೊಳದ ಪಕ್ಕ, ಅರ್ಧ ನೆರಳು ಅರ್ಧ ಬಿಸಿಲಿನ ಸರ್ವಶ್ರೇಷ್ಠ ಜಾಗದಲ್ಲಿ ಎರಡು ಕುರ್ಚಿ ಹಿಡಿದ. ಒಂದರಲ್ಲಿ ತಾನು ಕೂತ. ಇನ್ನೊಂದಕ್ಕೆ ಟವೆಲ್ ಹಾಸಿದ.

ಹಡಗಿನ ಕೆಲಸದವನೊಬ್ಬ ಬಂದು, "ಸರ್, ಅರ್ಧ ಗಂಟೆ ಯಾರೂ ಕೂರ್ಲಿಲ್ಲ ಅಂದ್ರೆ ಟವೆಲ್ ತೆಗೀಬೇಕು ಅಂತ ನಿಯಮ" ಎಂದು ಬೋರ್ಡು ತೋರಿಸಿದ.

"ನಮ್ಮೂರಲ್ಲೂ ಬೋರ್ಡು ಇದೆಯಪ್ಪ. ಇದು ನನ್ನ ಹೆಂಡ್ತಿದು. ಈಗ ಬರ್ತಾಳೆ."

ಲೊರೇನ್ ಬಂದಳು, ಹೊಸ ನೀಲಿ ಟೋಪಿ ಹಾಕಿಕೊಂಡು. ಸ್ವಲ್ಪ ಹೊತ್ತು ಕೂತಳು. "ಬಾ, ಒಂದು ಸುತ್ತು ಹಾಕಿ ಬರೋಣ" ಎಂದಳು.

"ಸುತ್ತಾ? ಇದನ್ನ ಯಾರು ನೋಡ್ಕೋತಾರೆ?"

ಅವಳು ಒಬ್ಬಳೇ ಸುತ್ತಲು ಹೋದಳು. ಊಟಕ್ಕೂ ಒಬ್ಬಳೇ ಹೋದಳು. ಬ್ರೂನೋ ಕುರ್ಚಿಯಲ್ಲೇ ಸಾಸೇಜು ತರಿಸಿಕೊಂಡು ತಿಂದ. ಬಿಸಿಲಿಗೆ ಮೂಗು, ಹೊಟ್ಟೆ, ಬೋಳುತಲೆ ಎಲ್ಲ ಸುಟ್ಟು ಬೀಟ್‌ರೂಟು ಆದವು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ!

ಮೂರನೆಯ ಬೆಳಿಗ್ಗೆ ಅನಾಹುತ ಆಯಿತು. ಬ್ರೂನೋ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಲೊರೇನ್‌ಳ ಕುರ್ಚಿಯಲ್ಲಿ ಒಬ್ಬ ಉದ್ದನೆಯ ಆಸಾಮಿ! ಪಕ್ಕದಲ್ಲಿ ಅವನ ಹೆಂಡತಿ, ಅದೂ ಬ್ರೂನೋನ ಕುರ್ಚಿಯಲ್ಲೇ! ಟವೆಲ್ಲುಗಳು ಮಡಿಸಿ ಕೆಳಗಿಟ್ಟಿದ್ದವು.

"ಏಳ್ರೀ! ಅದು ನನ್ನ ಜಾಗ!"

"ಕ್ಷಮಿಸಿ, ಖಾಲಿ ಇತ್ತು ಅಂದ್ಕೊಂಡ್ವಿ" ಎಂದ ಆತ. ಕೆನಡಾದ ವಿನಿಪೆಗ್‌ನವನು, ಹೆಸರು ರಸೆಲ್. ಆ ಊರಿನವರು ಕಾಲು ತುಳಿಸಿಕೊಂಡು ತಾವೇ ಕ್ಷಮೆ ಕೇಳುವ ಜಾತಿ.

"ಟವೆಲ್ ಕಾಣಿಸ್ಲಿಲ್ವಾ?"

"ಕಾಣಿಸ್ತು. ಆದ್ರೆ ಟವೆಲ್ಲಿಗೆ ಬಿಸಿಲು ಕಾಯೋದು ಬೇಕಿರ್ಲಿಲ್ಲ ಅನ್ಸುತ್ತೆ."

ಸುತ್ತ ಇದ್ದವರು ನಕ್ಕರು. ಬ್ರೂನೋಗೆ ರೇಗಿತು. ಸಲಿಕೆಯಿಂದ ಹಿಡಿದು ಹಿಮದವರೆಗೆ, ತಾನು ಓಣಿಯಲ್ಲಿ ಸುರಿಸಿದ ಬೆವರಿನ ಪುರಾಣವನ್ನೆಲ್ಲ ಹಡಗಿನ ಈ ತುದಿಯಿಂದ ಆ ತುದಿಗೆ ಕೇಳುವಂತೆ ಕೂಗಿದ. ರಸೆಲ್ ಎದ್ದ, "ಕ್ಷಮಿಸಿ" ಎಂದ, ಹೆಂಡತಿಯನ್ನು ಕರೆದುಕೊಂಡು ಹೋದ. ಜಯಭೇರಿ! ತಿರುಗಿ ನೋಡಿದರೆ ಲೊರೇನ್ ನಿಂತಿದ್ದಳು. ಮುಖ ಕೆಂಪಾಗಿತ್ತು, ಬಿಸಿಲಿಗಲ್ಲ.

"ಬ್ರೂನೋ, ನಾವು ಚಳಿಗಾಲದಿಂದ ತಪ್ಪಿಸ್ಕೊಂಡು ಬಂದ್ವಿ ಅಂದ್ಕೊಂಡಿದ್ದೆ. ನೀನು ಗಂಟು ಕಟ್ಟಿ ತಂದ್ಬಿಟ್ಟಿದೀಯಲ್ಲ."

"ಯಾರಿಗೋಸ್ಕರ ಮಾಡ್ತಿರೋದು? ನಿನ್ನ ಜಾಗಕ್ಕೇ ತಾನೆ!"

"ನಾನು ಕೇಳಿದ್ದು ಕುರ್ಚಿಯಲ್ಲ" ಎಂದಳು ಲೊರೇನ್.

ಮೊದಲ ದ್ವೀಪ ಬಂತು. ಬ್ರೂನೋ ಇಳಿಯಲಿಲ್ಲ. ಎರಡನೆಯದು ಬಂತು. "ಮುಂದಿನದ್ರಲ್ಲಿ ಖಂಡಿತ" ಎಂದ. ಕೊನೆಯ ದ್ವೀಪವೂ ಬಂತು, ಲೊರೇನ್ ಈಜುಡುಗೆಯ ಮೇಲೆ ಅಂಗಿ ಹಾಕಿಕೊಂಡು ಅವನ ಮುಂದೆ ನಿಂತಳು.

"ಇವತ್ತೇ ಕೊನೇದು. ಬರ್ತೀಯಾ?"

"ನೀನು ಮುಂದೆ ನಡಿ. ಆ ರಸೆಲ್ಲು ಇಲ್ಲೇ ಎಲ್ಲೋ ಸುಳೀತಿದಾನೆ. ಅವನು ಇಳಿದು ಹೋದ ತಕ್ಷಣ ಬಂದ್ಬಿಡ್ತೀನಿ."

ಅವಳು ಒಬ್ಬಳೇ ಇಳಿದು ಹೋದಳು.

ಹಡಗು ಖಾಲಿಯಾಯಿತು. ನೂರಾರು ಒರಗುಕುರ್ಚಿಗಳು, ಒಂದರ ಮೇಲೂ ನರಪಿಳ್ಳೆಯಿಲ್ಲ! ಅವುಗಳ ನಟ್ಟನಡುವೆ, ಒಂದು ಟವೆಲ್ಲಿನ ಪಕ್ಕ, ನಮ್ಮ ಬ್ರೂನೋ ಕಾವಲು! ಊರಿಗೆ ಬಂದವಳು ನೀರಿಗೆ ಬಾರಳೇ ಎನ್ನುತ್ತಾರೆ. ಈ ಮಹಾನುಭಾವ ದ್ವೀಪಕ್ಕೇ ಬಂದು ನೀರಿಗೆ ಬರಲಿಲ್ಲ.

ಕೆಲಸದವನು ಟವೆಲ್ ಒಟ್ಟು ಮಾಡುತ್ತ ಬಂದ. "ಸರ್, ಇದು...?"

"ನನ್ನ ಹೆಂಡ್ತಿದು. ಈಗ ಬರ್ತಾಳೆ."

ಮೇಲಿನಿಂದ ದಡ ಕಾಣುತ್ತಿತ್ತು. ಬ್ರೂನೋ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. ಒಂದು ನೀಲಿ ಟೋಪಿ ನೀರಿನ ಅಂಚಿನಲ್ಲಿ ಬಹಳ ಹೊತ್ತು ನಿಂತಿತ್ತು. ಅತ್ತ ಇತ್ತ ನೋಡುತ್ತಿತ್ತು, ಹಡಗಿನ ಕಡೆಗೂ ಒಮ್ಮೆ ತಿರುಗಿತು. ಬ್ರೂನೋ ಎದ್ದ. ಎರಡು ಹೆಜ್ಜೆ ಇಟ್ಟ. ಹಿಂತಿರುಗಿ ನೋಡಿದರೆ ಕೆಲಸದವನು ಕುರ್ಚಿಯ ಹತ್ತಿರವೇ ನಿಂತಿದ್ದಾನೆ! ಬ್ರೂನೋ ವಾಪಸ್ ಬಂದು ಕೂತ. ಮತ್ತೆ ನೋಡುವ ಹೊತ್ತಿಗೆ ನೀಲಿ ಟೋಪಿಯ ಎರಡು ಪಕ್ಕದಲ್ಲಿ ಇನ್ನಿಬ್ಬರಿದ್ದರು. ಮೂವರೂ ಕೈ ಕೈ ಹಿಡಿದು ನೀರಿಗೆ ಇಳಿಯುತ್ತಿದ್ದರು. ಒಬ್ಬ ಬಹಳ ಉದ್ದವಿದ್ದ.

ಸಂಜೆ ಲೊರೇನ್ ಒದ್ದೆ ಕೂದಲಲ್ಲಿ ಬಂದಳು.

"ರಸೆಲ್ ಒಂದು ಕೈ, ಅವನ ಹೆಂಡ್ತಿ ಒಂದು ಕೈ ಹಿಡ್ಕೊಂಡ್ರು. ಕತ್ತಿನವರೆಗೂ ಹೋದೆ."

"ಅವನ್ಯಾಕೆ ಅಲ್ಲಿಗೆ ಬಂದಿದ್ದ?"

"ಪಾಪ, ಹಡಗಲ್ಲಿ ಅವರಿಗೆ ಕೂರೋಕೆ ಜಾಗ ಇರ್ಲಿಲ್ವಂತೆ."

ಹಡಗು ಫ್ಲಾರಿಡಾಕ್ಕೆ ಮರಳಿದಾಗ ಬಂದರಿನ ದಕ್ಕೆಯಲ್ಲಿ, ಅಲ್ಲೇ ನೆಲೆಸಿದ್ದ ಲೊರೇನ್‌ಳ ತಂಗಿ ಬರ್ನಿಸ್ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದಳು.

"ಹಿಮ ಕರಗೋವರೆಗೂ ನಾನು ಇವಳ ಮನೇಲಿರ್ತೀನಿ" ಎಂದಳು ಲೊರೇನ್.

"ಮತ್ತೆ ನಾನು?"

"ನೀನು ಬೇಗ ಹೊರಡು. ಊರಲ್ಲಿ ಯಾರಾದ್ರೂ ಕುರ್ಚಿ ಎತ್ತಿಟ್ಬಿಟ್ರೆ!"

ಓಣಿಗೆ ಬಂದು ಕಾರು ನಿಲ್ಲಿಸಿದಾಗ ಹಿಮ ಸುರಿಯುತ್ತಿತ್ತು. ಝಿಗ್ಗಿ ಬಾಗಿಲಿಗೆ ಬಂದು ಕೂಗಿದ. "ಯಾರೂ ಮುಟ್ಟಿಲ್ಲ ಕಣೋ! ಹಂಗೇ ಇದೆ ನಿನ್ ಜಾಗ!"

ಹಾಗೆಯೇ ಇತ್ತು. ಲೊರೇನ್‌ಳ ಕುರ್ಚಿ ಒಂಟಿಯಾಗಿ ಬೀದಿಯಲ್ಲಿ ನಿಂತಿತ್ತು. ಕೂರುವ ಹಲಗೆಯ ಮೇಲೆ ಗೇಣುದ್ದ ಹಿಮ ಕೂತಿತ್ತು. ಎಷ್ಟು ಚಳಿಗಾಲ ಇದನ್ನು ಹೀಗೆ ಹೊರಗೆ ಹಾಕಿದ್ದೆ ಎಂದು ಬ್ರೂನೋ ಮೊದಲ ಬಾರಿಗೆ ಯೋಚಿಸಿದ. ಕಾರನ್ನು ರಸ್ತೆಯ ಮಧ್ಯೆಯೇ ಬಿಟ್ಟು, ಕುರ್ಚಿಯನ್ನು ಎದೆಗವಚಿಕೊಂಡು ಒಳಗೆ ಹೋದ. ಒರೆಸಿ, ಮೇಜಿನ ಪಕ್ಕ ಇಟ್ಟು, ಫೋನ್ ಮಾಡಿದ.

"ಲೊರೇನ್, ನಿನ್ನ ಕುರ್ಚಿ ಒಳಗೆ ತಂದೆ."

ಆ ಕಡೆಯಿಂದ ಲೊರೇನ್ ಕೇಳಿದಳು. "ಯಾಕೆ, ಆಗ್ಲೇ ಬೇಸಿಗೆ ಬಂತಾ ಅಲ್ಲಿ?"

ಫೋನ್ ಇಟ್ಟು ಹೊರಗೆ ಬಂದರೆ, ಬಗೆದ ಜಾಗದಲ್ಲಿ ಯಾರದೋ ಕೆಂಪು ಕಾರು!

"ರೀ! ಅದು ನನ್ನ ಜಾಗ!"

ಕಾರಿನಿಂದಿಳಿದ ಹೆಂಗಸು ಸುತ್ತ ನೋಡಿದಳು. "ಹೌದಾ? ಕುರ್ಚಿ ಎಲ್ಲಿ?"

ಅವಳದು ನ್ಯಾಯ. ಬ್ರೂನೋ ತಾನೇ ಬರೆದ ಶಾಸನ! ತೆಪ್ಪಗೆ ಸಲಿಕೆ ತೆಗೆದುಕೊಂಡು ಓಣಿಯ ಕೊನೆಗೆ ಹೋಗಿ, ಕತ್ತಲಾಗುವವರೆಗೆ ಇನ್ನೊಂದು ಜಾಗ ಬಗೆದ. ಮಾರನೆಯ ದಿನ ಕಾರು ತೆಗೆಯುವಾಗ ಅಲ್ಲಿಡಲು ತನ್ನ ಕೈಗಳಿರುವ, ಮೆತ್ತೆಯ ಕುರ್ಚಿಯನ್ನೇ ಹೊತ್ತೊಯ್ದ.

ಒಂದು ಸಂಜೆ ಝಿಗ್ಗಿ ಹರಟೆಗೆಂದು ಬಂದ. ಬ್ರೂನೋ ಸ್ಟೂಲಿನ ಮೇಲೆ ಬೆನ್ನು ಬಗ್ಗಿಸಿ ಕೂತು ಕೋಸಿನ ಸಾರು ಕುಡಿಯುತ್ತಿದ್ದ. ಎದುರಿಗೆ ಲೊರೇನ್‌ಳ ಕುರ್ಚಿ, ಅದರ ಮೇಲೆ ಹಡಗಿನಿಂದ ಪೆಟ್ಟಿಗೆಯಲ್ಲಿ ಬಂದಿದ್ದ ನೀಲಿ ಟವೆಲ್ಲು. ಝಿಗ್ಗಿ ಅದನ್ನು ಸರಿಸಿ ಕೂರಲು ಹೋದ.

"ಏಯ್, ಅಲ್ಲಿ ಕೂರ್ಬೇಡ!" ಎಂದು ಬ್ರೂನೋ ಚೀರಿದ. "ಅದು ನನ್ನ ಹೆಂಡ್ತಿದು. ಈಗ ಬರ್ತಾಳೆ."