ಗುಲಾಬಿಯ ಕಣ್ಣು, ನನ್ನ ಗೊಂಡೆ ಹೂ

ಕಾರು ಕೆಟ್ಟದ್ದು ಗುಲಾಬಿಯ ಕಣ್ಣಿನಿಂದಲ್ಲ, ನಾನು ಕಟ್ಟಿದ ಹೂವಿನ ಮಾಲೆಯಿಂದ. ವಿಷಯ ಇಷ್ಟೇ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಬಿಲ್ಡಿಂಗಿನಲ್ಲಿ ಈ ಕತೆ ಬೇರೆ ಬೇರೆ ಬಗೆಯಲ್ಲಿ ಓಡಾಡುತ್ತಿದೆ, ಅದರಲ್ಲಿ ಅರ್ಧಕ್ಕರ್ಧ ಶುರುಮಾಡಿದವಳೂ ನಾನೇ.

ಮುಂಬಯಿಯ ಜೋಗೇಶ್ವರಿಯಲ್ಲಿ ನಮ್ಮ ಮೇಲಿನ ಮಾಳಿಗೆಯವಳು ಗುಲಾಬಿ. ಮೂಲ್ಕಿ ಕಡೆಯವಳು, ನಾನು ಉಡುಪಿ ಕಡೆಯವಳು. ಅವಳ ಗಂಡ, ನನ್ನ ಗಂಡ ಒಂದೇ ಹೋಟೆಲಿನಲ್ಲಿ ದುಡಿದವರು, ಈಗ ಇಬ್ಬರೂ ಇಲ್ಲ. ನಮ್ಮ ಮನೆಯಲ್ಲಿ ಮಗ ಸೊಸೆ ಹಿಂದಿಯಲ್ಲಿ ಜಗಳವಾಡುತ್ತಾರೆ, ಮೊಮ್ಮಗಳು ದೀಕ್ಷಾ ಇಂಗ್ಲಿಷಿನಲ್ಲಿ ನಗುತ್ತಾಳೆ. ನಮ್ಮ ಮಾತಿನಲ್ಲಿ ಬೈದು ಬೈಸಿಕೊಳ್ಳಲು ನನಗಿದ್ದವಳು ಗುಲಾಬಿ ಒಬ್ಬಳೇ. ಅವಳನ್ನು ಒಂದು ಹಳೆಯ ಕಾರಿಗಾಗಿ ದೂರ ಮಾಡಿಕೊಂಡೆ.

ಹಳೆಯದು ಎಂದರೆ ದೀಕ್ಷಾಗೆ ಸಿಟ್ಟು ಬರುತ್ತದೆ. ಅವಳಿಗೆ ಅದು ಹೊಸದೇ. ನವರಾತ್ರಿಗೆ ಸ್ವಲ್ಪ ಮೊದಲು ತಂದಳು. ಆಯುಧಪೂಜೆಯ ದಿನ ಎಲ್ಲರೂ ಕಾರಿನ ಮೂತಿಗೆ ಮಾಲೆ ಹಾಕಿ ಸುಮ್ಮನಾಗುತ್ತಾರೆ. ಓಡುವುದು ಮೂತಿಯಲ್ಲ, ಇಂಜಿನ್, ಪೂಜೆ ಅದಕ್ಕಾಗಬೇಕು ಎಂದು ನಾನು ಬಾನೆಟ್ ತೆರೆಸಿದೆ. ನನ್ನ ಗಂಡ ಹೋಟೆಲಿನ ಗ್ರೈಂಡರನ್ನು ಬಿಚ್ಚಿಸಿ ಒಳಗಿನ ಮೋಟಾರಿಗೇ ಕುಂಕುಮ ಹಚ್ಚುತ್ತಿದ್ದರು. ಆ ಗ್ರೈಂಡರ್ ಪ್ರತಿ ದೀಪಾವಳಿಗೆ ಕೆಡುತ್ತಿತ್ತು. ಅದರಿಂದಲಾದರೂ ನಾನು ಏನಾದರೂ ಕಲಿಯಬಹುದಿತ್ತು. ಒಳಗೆ ಮಾಲೆ ಕಟ್ಟಲು ಮೊಳೆ ಇರಲಿಲ್ಲ, ಒಂದು ವೈರ್ ಇತ್ತು. ಗೊಂಡೆ ಹೂವಿನ ದಪ್ಪ ಮಾಲೆಯನ್ನು ನೈಲಾನ್ ದಾರದಿಂದ ಅದಕ್ಕೇ ಬಿಗಿದೆ. ದೀಕ್ಷಾ ಇಂಜಿನ್ ಚಾಲೂ ಮಾಡಿದಾಗಲೇ ಗುಲಾಬಿ ಬಂದವಳು ಕಾರಿನ ಮೈ ಸವರಿ, "ಬೆಣ್ಣೆ ಹಾಗೆ ಉಂಟು ಮಾರಾಯ್ತಿ, ಶಬ್ದವೇ ಇಲ್ಲ" ಎಂದಳು.

ಹಬ್ಬ ಮುಗಿದು ಹೂ ಕಿತ್ತೆವು, ದಾರ ಬಿಟ್ಟೆವು. ಸ್ವಲ್ಪ ದಿನಕ್ಕೆ ಸ್ಟೇರಿಂಗಿನ ಹಿಂದೆ ಹಳದಿ ದೀಪವೊಂದು ಹೊತ್ತಿತು. ಸಿಗ್ನಲಿನಲ್ಲಿ ನಿಂತರೆ ಕಾರು ನಡುಗುವುದು, ಹಿಂದಿನಿಂದ ಪೆಟ್ರೋಲ್ ವಾಸನೆ. ನಾನು ಉಪ್ಪು ಮೆಣಸು ನಿವಾಳಿಸಿ ಕಾಂಪೌಂಡಿನಲ್ಲಿ ಸುಟ್ಟೆ. ವಾಚ್‌ಮನ್ ಕೆಮ್ಮಿದ, ದೀಪ ಆರಲಿಲ್ಲ. ಇದು ಗುಲಾಬಿಯ ದೃಷ್ಟಿಯೇ ಎಂದು ನಿಶ್ಚಯಿಸಿದೆ. ನಿಶ್ಚಯಿಸಿ ಸುಮ್ಮನಿರುವ ಬಾಯಿಯಲ್ಲ ನನ್ನದು, ಲಿಫ್ಟಿನಲ್ಲಿ ಸಿಕ್ಕಿದವರಿಗೆಲ್ಲ ಹೇಳಿದೆ.

ಗುಲಾಬಿಗೆ ಕಣ್ಣಿನ ಪೊರೆಯ ಆಪರೇಷನ್ ಇತ್ತು, ಬಾಂದ್ರಾದಲ್ಲಿ. ದೀಕ್ಷಾಳ ಆಫೀಸೂ ಅಲ್ಲೇ, ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟಿದ್ದಳು. ಆ ದಿನ ಬೆಳಗ್ಗೆ ಗುಲಾಬಿ ಚೀಲ ಹಿಡಿದು ಕೆಳಗೆ ಬಂದು ನಿಂತಾಗ ನಾನು, "ಇನ್ನೊಮ್ಮೆ ನಿನ್ನ ಕಣ್ಣು ತಾಗುವುದು ಬೇಡ" ಎಂದುಬಿಟ್ಟೆ. ಅವಳು ಗೇಟಿನ ಹೊರಗೆ ಹೋಗಿ ಆಟೋಕ್ಕೆ ಕೈ ಮಾಡಿದಳು. ದೀಕ್ಷಾ ಮಾತ್ರ, "ಅಜ್ಜಿ, ಯೂ ಆರ್ ಟೂ ಮಚ್. ನಜರ್ ವಜರ್ ಕುಛ್ ನಹೀ ಹೋತಾ" ಎಂದು, ದೃಷ್ಟಿಗಿಷ್ಟಿ ಎಲ್ಲ ಸುಳ್ಳು ಎನ್ನುವ ಹಾಗೆ, ಕಾರಿನ ಬಾಗಿಲು ಬಡಿದುಕೊಂಡು ಹೋದಳು.

ಗ್ಯಾರೇಜಿನ ಇರ್ಫಾನ್ ಕಾರಿಗೆ ಒಂದು ಯಂತ್ರ ಚುಚ್ಚಿ ನೋಡಿ ಆಕ್ಸಿಜನ್ ಸೆನ್ಸರ್ ಹೋಗಿದೆ ಎಂದ. ಅದು ಹೊಗೆಯನ್ನು ಮೂಸಿ, ಪೆಟ್ರೋಲ್ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಇಂಜಿನ್ನಿಗೆ ಹೇಳುವ ಸಾಮಾನಂತೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಸಾರಿನ ವಾಸನೆಯಿಂದಲೇ ಉಪ್ಪು ಹೇಳುತ್ತಿದ್ದ ನನ್ನ ಅತ್ತೆಯ ಹಾಗೆ. ಅವನು ಹೊಸ ಸೆನ್ಸರ್ ಹಾಕಿದ, ದೀಪ ಆರಿತು. ಪಕ್ಕದ ಅಂಧೇರಿ ತಲುಪುವುದರೊಳಗೆ ಮತ್ತೆ ಹೊತ್ತಿತು. ನೋಡಿದಿರಾ, ದೃಷ್ಟಿಗೆ ಸೆನ್ಸರ್ ಮದ್ದಲ್ಲ ಎಂದೆ. ಇರ್ಫಾನನಿಗೆ ಅವಮಾನವಾಯಿತು. ಸೆನ್ಸರ್ ಬಿಟ್ಟು ಅದಕ್ಕೆ ಹೋಗುವ ವೈರನ್ನು ಹಿಡಿದುಕೊಂಡು ಹೋದ. ಯಾವುದೋ ಭಾರಕ್ಕೆ ಕ್ಲಿಪ್ಪು ಕಳಚಿ, ವೈರ್ ಜೋತು, ಬಿಸಿ ಸೈಲೆನ್ಸರ್ ಪೈಪಿಗೆ ತಾಗಿ ಕರಗಿತ್ತು. ಅದಕ್ಕೆ ಸುಟ್ಟ ನೈಲಾನ್ ದಾರ ಅಂಟಿಕೊಂಡಿತ್ತು, ದಾರದಲ್ಲಿ ಗೊಂಡೆ ಹೂವಿನ ಕಪ್ಪು ತೊಟ್ಟು. ಯಾರು ಕಟ್ಟಿದ್ದು ಎಂದು ಕೇಳಿದ. ದೀಕ್ಷಾ ನನ್ನನ್ನು ನೋಡಿದಳು. ನಾನು ಗ್ಯಾರೇಜಿನ ಕ್ಯಾಲೆಂಡರ್ ನೋಡಿದೆ.

ಕರಗಿದ ತುಂಡು ಕತ್ತರಿಸಿ ಹೊಸ ವೈರ್ ಬೆಸೆದು ಮೇಲೆ ಕಟ್ಟಿದ. ಕಾರು ಸರಿಯಾಯಿತು. ಮನೆಗೆ ಬರುವ ದಾರಿಯಲ್ಲಿ ದೀಕ್ಷಾ ಕೇಳಿದಳು, "ಅಜ್ಜಿ, ಗುಲಾಬಿ ಅಜ್ಜಿಗೆ ಪೊರೆ ಇತ್ತಲ್ಲ, ಅವರಿಗೆ ಕಾರ್ ದಿಖಾ ಭೀ ಥಾ ಕ್ಯಾ?" ಕಾರು ಅವಳಿಗೆ ಕಂಡಿತ್ತೇ ಎಂದು. ಆಗ ಹೊಳೆಯಿತು, ಅವಳು ಅಂದು ಕಾರಿನ ಮೈ ಸವರಿದ್ದು ಕಾಣದೆ. ಕಾಣದ ಕಣ್ಣಿನ ಮೇಲೆ ನಾನು ದೃಷ್ಟಿ ಹೊರಿಸಿದ್ದೆ. ಆ ರಾತ್ರಿ ಅನ್ನ ಸೇರಲಿಲ್ಲ. ನಾನು ಊಟ ಬಿಡುವವಳಲ್ಲ.

ಮರುದಿನ ಬೆಳಗ್ಗೆ ಗುಲಾಬಿ ಡಾಕ್ಟರಿಗೆ ಆಪರೇಷನ್ ಆದ ಕಣ್ಣು ತೋರಿಸಲು ಹೋಗುವುದಿತ್ತು. ಅವಳ ಬಾಗಿಲಿಗೆ ಹೋಗಿ, ತಪ್ಪು ನನ್ನದು, ದಾರ ನಾನೇ ಕಟ್ಟಿದ್ದು, ಕಾರು ಕೆಳಗೆ ನಿಂತಿದೆ ಎಂದೆ. ಕಪ್ಪು ಕನ್ನಡಕದ ಗುಲಾಬಿ, "ಬೇಡ ವಾರಿಜಕ್ಕ. ನಾಳೆ ಟಯರ್ ಪಂಕ್ಚರಾದರೆ ಅದಕ್ಕೂ ನಾನೇ" ಎಂದು ಇಳಿದು ಆಟೋ ಹತ್ತಿದಳು. ನಾನೂ ಹತ್ತಿದೆ. ಇಳಿ ಎನ್ನಲಿಲ್ಲ, ಸರಿದು ಜಾಗವನ್ನೂ ಕೊಡಲಿಲ್ಲ. ಬಾಂದ್ರಾದವರೆಗೆ ಅರ್ಧ ಸೀಟಿನಲ್ಲಿ ಕಂಬಿ ಹಿಡಿದು ಕುಳಿತೆ. ಮದ್ದಿನ ಚೀಲ ಹಿಡಿಯುತ್ತೇನೆಂದರೆ ಕೊಡಲಿಲ್ಲ. ಆಸ್ಪತ್ರೆಯಲ್ಲಿ ಒಳಗೆ ಹೋಗುವಾಗ ಚಪ್ಪಲಿ ಹೊರಗೆ ಬಿಡಬೇಕು. ಬಿಟ್ಟು, ಕಾಲಿನಿಂದ ಅದನ್ನು ನನ್ನ ಬೆಂಚಿನ ಕಡೆ ಸ್ವಲ್ಪ ತಳ್ಳಿ ಒಳಗೆ ಹೋದಳು. ನಾನು ಅವಳ ಚಪ್ಪಲಿ ಕಾಯುತ್ತಾ ಕುಳಿತೆ. ಸದ್ಯಕ್ಕೆ ನನ್ನನ್ನು ಅಷ್ಟಕ್ಕೆ ನಂಬಬಹುದು.